ಕರ್ಣ ಹಗೇವಿನಿಂದ ಎದ್ದು ಬಂದ ರವಿವಾರ

2025ರ ಅಕ್ಟೋಬರ್‌ನಲ್ಲಿ ಪಂಕಜ್ ಧೀರ್ ತೀರಿಕೊಂಡ ಸುದ್ದಿ ಬಂದಾಗ ನಾನು ದೀಪಾವಳಿಗೆಂದು ಅಡಿಗೆಮನೆಯ ಡಬ್ಬಿಗಳನ್ನೆಲ್ಲ ತಿಕ್ಕಿ ತೊಳೆದು ಬಿಸಿಲಿಗೆ ಇಡುತ್ತಿದ್ದೆ. ಫೋನಿನಲ್ಲಿ ಎಲ್ಲರದೂ ಒಂದೇ ಮಾತು: ಕರ್ಣ ಹೋದ. ಬಿ.ಆರ್. ಚೋಪ್ರಾ ಅವರ ಮಹಾಭಾರತ ನೋಡಿ ಬೆಳೆದವರಿಗೆ ಆ ಮುಖಕ್ಕೆ ಬೇರೆ ಹೆಸರೇ ಇಲ್ಲ. ಆದರೆ ಆ ಹೊತ್ತಿಗೆ ನನಗೆ ಕುರುಕ್ಷೇತ್ರ ನೆನಪಾಗಲಿಲ್ಲ, ರಥ ನೆನಪಾಗಲಿಲ್ಲ. ಒಂದು ಹಗೇವು, ನೆಲದಡಿ ಕಾಳು ತುಂಬಿಡುವ ಗುಂಡಿ, ನೆನಪಾಯಿತು.

‘ಚಂದ್ರಕಾಂತಾ’ ಧಾರಾವಾಹಿಯ ಒಂದು ಕಂತು ಅದು. ಚುನಾರಗಢದ ರಾಜ ಶಿವದತ್ತ, ಅಂದರೆ ಪಂಕಜ್ ಧೀರ್, ನೆಲದೊಳಗಿನ ಕತ್ತಲಿನಿಂದ ಮೇಲೆ ಬರುತ್ತಾನೆ. ಗಡ್ಡ ಎದೆತನಕ ಬೆಳೆದಿದೆ. ಬೆಳಕು ತಾಳಲಾರದೆ ಅಂಗೈ ಅಡ್ಡ ಹಿಡಿದಿದ್ದಾನೆ. ಕಂದೀಲು ಹಿಡಿದು ನಿಂತವರು ಯಾರೂ ತುಟಿ ಬಿಚ್ಚುವುದಿಲ್ಲ. ಅಷ್ಟು ದಿನ ಸಿಂಹಾಸನದ ಮೇಲೆ ಕೂತು ಅನ್ಯಾಯ ಮಾಡಿದವನು ಇವನ ಮುಖ ಹಾಕಿಕೊಂಡ ಒಬ್ಬ ಐಯಾರ, ಅಂದರೆ ವೇಷ ಬದಲಿಸುವ ಗೂಢಚಾರ, ನಿಜವಾದ ಶಿವದತ್ತ ಇವನು ಅಂತ ಎಲ್ಲರಿಗೂ ಗೊತ್ತಾಗುವ ಗಳಿಗೆ. ಹತ್ತಿರಹತ್ತಿರ ಮೂವತ್ತು ವರ್ಷ ನಾನು ಆ ದೃಶ್ಯವನ್ನು ಹೊತ್ತುಕೊಂಡು ತಿರುಗಿದ್ದೇನೆ. ಹಾಸ್ಟೆಲ್ಲಿನಲ್ಲಿ ಗೆಳತಿಯರಿಗೆ ಹೇಳಿದ್ದೇನೆ, ಮದುವೆಯಾದ ಹೊಸದರಲ್ಲಿ ಗಂಡನಿಗೆ ಹೇಳಿದ್ದೇನೆ, ಏಳನೆಯ ತರಗತಿಯ ಮಕ್ಕಳಿಗೆ ಹಿಂದಿ ಪಾಠದ ನಡುವೆ ಹೇಳಿದ್ದೇನೆ. ಆ ರಾತ್ರಿ ಡಬ್ಬಿ ಜೋಡಿಸುವುದನ್ನು ಅರ್ಧಕ್ಕೆ ಬಿಟ್ಟು ಯೂಟ್ಯೂಬಿನಲ್ಲಿ ಅದನ್ನು ಹುಡುಕಲು ಕೂತೆ.

ಒಂದು ರಾತ್ರಿ ಅಂದುಕೊಂಡದ್ದು ಎರಡು ತಿಂಗಳಾಯಿತು.

ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಬೇಕು. ‘ಚಂದ್ರಕಾಂತಾ’ 1994ರಿಂದ 1996ರವರೆಗೆ ದೂರದರ್ಶನದಲ್ಲಿ ರವಿವಾರ ಮುಂಜಾನೆ ಬರುತ್ತಿತ್ತು. ನೀರಜಾ ಗುಲೇರಿ ಮಾಡಿಸಿದ್ದು. ದೇವಕೀನಂದನ ಖತ್ರಿ ಎಂಬವರು 1888ರಲ್ಲಿ ಬರೆಯಲು ಶುರುಮಾಡಿದ ಹಿಂದಿ ಕಾದಂಬರಿ ಅದಕ್ಕೆ ಮೂಲ. ನೌಗಢದ ರಾಜಕುಮಾರ ವೀರೇಂದ್ರ ಸಿಂಹ, ವಿಜಯಗಢದ ರಾಜಕುಮಾರಿ ಚಂದ್ರಕಾಂತಾ, ಎರಡು ರಾಜ್ಯಗಳ ನಡುವೆ ವೈರ. ಅದರ ನಡುವೆ ಚಂದ್ರಕಾಂತಾಳ ಮೇಲೆ ಕಣ್ಣಿಟ್ಟ ಕ್ರೂರಸಿಂಹ, ಅವನ ಬೆನ್ನಿಗೆ ಚುನಾರಗಢದ ಶಿವದತ್ತ. ಶಿಖಾ ಸ್ವರೂಪ್, ಶಾಹಬಾಜ್ ಖಾನ್, ಕ್ರೂರಸಿಂಹನಾಗಿ ಅಖಿಲೇಂದ್ರ ಮಿಶ್ರಾ. ಆ ಕ್ರೂರಸಿಂಹನ ಹುಬ್ಬು ಮೇಲಕ್ಕೆ ತಿರುವಿಕೊಂಡಿರುತ್ತಿದ್ದವು, ‘ಯಕ್ಕೂ’ ಅಂದನೆಂದರೆ ನಮ್ಮ ಓಣಿಯ ಹುಡುಗರೆಲ್ಲ ಸೋಮವಾರ ಸಾಲಿಯಲ್ಲಿ ಯಕ್ಕೂ ಯಕ್ಕೂ. ಬದ್ರಿನಾಥ ಎಂಬ ಐಯಾರನ ಪಾತ್ರದಲ್ಲಿ ಇರ್ಫಾನ್ ಖಾನ್ ಇದ್ದರು. ಆಗ ಅವರ ಹೆಸರು ಯಾರಿಗೆ ಗೊತ್ತಿತ್ತು? ಕಣ್ಣು ಮಾತ್ರ ಗೊತ್ತಿದ್ದವು. ನಮ್ಮ ಅಜ್ಜಿ, ಅಂದರೆ ಆಯಿ, ಅವರನ್ನು ‘ನಿದ್ದಿಗಣ್ಣಿನಂವ’ ಅನ್ನುತ್ತಿದ್ದಳು.

ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿ, ಹೊಳಿ ಕಡೆಯ ಓಣಿಯಲ್ಲಿತ್ತು. ಮಣ್ಣಿನ ಮ್ಯಾಳಿಗೆ ಮನೆ. ಪಡಸಾಲೆಯಲ್ಲಿ ಕಟ್ಟಿಗೆಯ ಪೆಟ್ಟಿಗೆಯೊಳಗೆ ಕಪ್ಪು ಬಿಳುಪು ಟಿವಿ, ಎರಡೂ ಕಡೆಯಿಂದ ಸರಿಸುವ ಬಾಗಿಲು. ಅಂಟೆನಾ ಮ್ಯಾಳಿಗೆಯ ಮೇಲೆ. ರವಿವಾರ ಮುಂಜಾನೆ ಅಣ್ಣ ಮೇಲೆ ಹತ್ತುತ್ತಿದ್ದ, ನಾನು ಬೆಳಕಿಂಡಿಯ ಕೆಳಗೆ ಮುಖ ಎತ್ತಿ ನಿಲ್ಲುತ್ತಿದ್ದೆ. ‘ಬಂತೇನ?’ ಅಂತ ಬೆಳಕಿಂಡಿಯೊಳಗಿಂದ ಅಣ್ಣನ ದನಿ, ‘ಇನ್ನಾ ಸ್ವಲ್ಪ ಹೊಳಿ ಕಡೆ ತಿರುವ’ ಅಂತ ನನ್ನದು. ಚಿತ್ರ ನಿಂತಾಗ ‘ಬಂತ, ಬಂತ, ಕೈ ಬಿಡು’ ಅನ್ನಬೇಕು. ಕೈ ಬಿಟ್ಟರೆ ಮತ್ತೆ ಹೋಗುತ್ತಿತ್ತು. ಎಷ್ಟೋ ರವಿವಾರ ಅಣ್ಣ ಅರ್ಧ ಕಂತು ಮ್ಯಾಳಿಗೆಯ ಮೇಲೆ ಬಿಸಿಲಲ್ಲಿ ನಿಂತೇ ಕೇಳಿದ್ದಾನೆ. ಅವ್ವ ಅವನಿಗೆ ಚುರಮುರಿ ಸುಸಲಾದ ತಾಟನ್ನು ನಿಚ್ಚಣಿಕೆ ಹತ್ತಿ ಕೊಟ್ಟು ಬರುತ್ತಿದ್ದಳು.

ಆದರೆ ಹಿಂದಿ ಯಾರಿಗೆ ಬರುತ್ತಿತ್ತು? ಪಕ್ಕದ ಓಣಿಯ ದಖನಿ ಕಿವಿಗೆ ಬಿದ್ದು ಬಿದ್ದು ಸಂತೆಯ ಮಾತು ಎಲ್ಲರಿಗೂ ಬರುತ್ತಿತ್ತು. ಈ ರಾಜರ ಹಿಂದಿ ಬೇರೆ. ಅಪ್ಪನ ತಂಗಿ, ನಮ್ಮತ್ತಿ, ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ ಮತ್ತು ಮಧ್ಯಮಾ ಪರೀಕ್ಷೆ ಪಾಸು ಮಾಡಿದ್ದಳು. ಅಷ್ಟಕ್ಕೇ ಮನೆಯಲ್ಲಿ ಅವಳು ಹಿಂದಿ ಪಂಡಿತೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಹೊಲಿಗಿ ಮಷಿನ್ ಇಟ್ಟುಕೊಂಡು ಓಣಿಯ ಹೆಣ್ಣುಮಕ್ಕಳಿಗೆ ಗುಳೇದಗುಡ್ಡ ಖಣದ ಕುಬಸ ಹೊಲಿಯುತ್ತಿದ್ದಳು. ರವಿವಾರ ಮಷಿನ್ ನಿಲ್ಲಿಸಿ ಆಯಿಯ ಪಕ್ಕ ಕೂತು, ಟಿವಿಯಲ್ಲಿ ಒಬ್ಬರು ಮಾತಾಡಿ ಮುಗಿಸುವುದರೊಳಗೆ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುತ್ತಿದ್ದಳು. ಆಯಿಗೆ ಮಾತ್ರ ಹೇಳುವುದು ಅಂತ ಲೆಕ್ಕ, ಕೇಳುತ್ತಿದ್ದವರು ಮನೆ ಮಂದಿಯೆಲ್ಲ.

ಅವಳು ಹೇಳುತ್ತಿದ್ದ ರೀತಿಯ ಬಗ್ಗೆ ಬರೆಯಬೇಕು ಅಂತಲೇ ಇದನ್ನು ಬರೆಯಲು ಕೂತದ್ದು.

ಐಯಾರ ಅಂದರೆ ಏನು? ರಾಜರ ಬಳಿ ಇರುವ ಗೂಢಚಾರ, ಮುಖ ಬದಲಿಸಿಕೊಳ್ಳುವವನು, ಶತ್ರುವಿಗೆ ಮದ್ದು ಮೂಸಿಸಿ ಎಚ್ಚರ ತಪ್ಪಿಸಿ ಗಂಟು ಕಟ್ಟಿ ಬೆನ್ನ ಮೇಲೆ ಹೊತ್ತು ತರುವವನು. ಖತ್ರಿಯವರ ಕಥೆ ನಡೆಯುವುದೇ ಇವರಿಂದ. ಇದಕ್ಕೆ ಕನ್ನಡದಲ್ಲಿ ಒಂದು ಮಾತು ಹುಡುಕಿ ಅಂದರೆ ಹಿಂದಿ ಕಲಿಸುವ ನನಗೆ ಇವತ್ತಿಗೂ ತಡವರಿಕೆ. ಅತ್ತಿ ಮೊದಲನೆಯ ದಿನವೇ ‘ಹಗಲವ್ಯಾಸದವರು’ ಅಂದಳು. ಆಯಿಗೆ ತಕ್ಷಣ ತಿಳಿಯಿತು. ವರ್ಷಕ್ಕೊಮ್ಮೆ ಓಣಿಗೆ ಹಗಲುವೇಷದವರು ಬರುತ್ತಿದ್ದರಲ್ಲ, ಇವತ್ತು ರಾಮನಾಗಿ ಬಂದವನು ನಾಳೆ ರಾಕ್ಷಸನಾಗಿ ಬಂದು ಬಾಗಿಲಲ್ಲಿ ನಿಂತರೆ ಮಕ್ಕಳು ಚೀರುತ್ತಿದ್ದೆವಲ್ಲ, ಅವರು. ಐಯಾರನ ಸೊಂಟದಲ್ಲಿ ಒಂದು ಬಟುವಾ ಇರುತ್ತದೆ, ಅದರೊಳಗೆ ಮದ್ದು, ಬಣ್ಣ, ಎಚ್ಚರ ತಪ್ಪಿದವರನ್ನು ಎಬ್ಬಿಸುವ ಲಖಲಖಾ. ಅತ್ತಿಯ ಬಾಯಲ್ಲಿ ಬಟುವಾ ‘ಚಂಚಿ’ಯಾಯಿತು.

ಆಯಿಯ ಚಂಚಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಲಕಲ್ ಸೀರೆಯ ಹಳೇ ಸೆರಗಿನ ತುಂಡಿನಲ್ಲಿ ಹೊಲಿದದ್ದು, ಒಳಗೆ ನಾಲ್ಕು ಅರೆ: ಎಲೆಗೆ ಒಂದು, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು, ಕೊನೆಯದರಲ್ಲಿ ಲವಂಗದ ಜೊತೆ ನಾಕಾಣೆ ಎಂಟಾಣೆ. ಬಾಯಿಗೆ ದಾರ, ಎಳೆದರೆ ಮುಚ್ಚಿಕೊಳ್ಳುತ್ತಿತ್ತು. ದಾರದ ತುದಿಗೆ ಒಂದು ತಾಮ್ರದ ಅಡಿಕೆಕತ್ತರಿ ತೂಗುತ್ತಿತ್ತು. ‘ಅಂವಾ ಚಂಚಿ ಬಿಚ್ಚಿದ ನೋಡ’ ಅಂತ ಅತ್ತಿ ಹೇಳಿದ ಕೂಡಲೇ ಆಯಿಯ ಕೈ ತಾನಾಗಿ ತನ್ನ ಚಂಚಿಗೆ ಹೋಗುತ್ತಿತ್ತು. ಅಲ್ಲಿ ವೀರೇಂದ್ರನ ಐಯಾರ ತೇಜಸಿಂಹ ಮದ್ದು ತೆಗೆಯುತ್ತಿದ್ದ, ಇಲ್ಲಿ ಆಯಿ ಎಲೆ ತೆಗೆಯುತ್ತಿದ್ದಳು. ಆ ವರ್ಷ ದಸರೆ ಸೂಟಿಯಲ್ಲಿ ಅತ್ತಿ ನನಗೂ ಅಣ್ಣನಿಗೂ ಖಣದ ಚೂರುಗಳಿಂದ ಒಂದೊಂದು ಚಂಚಿ ಹೊಲಿದು ಕೊಟ್ಟಳು. ಅದರೊಳಗೆ ನಾವು ಬೂದಿ, ಅರಿಷಿಣ, ಸೀಮೆಸುಣ್ಣದ ಪುಡಿ ತುಂಬಿಕೊಂಡು ಓಣಿಯೆಲ್ಲ ತಿರುಗಿದೆವು.

ತಿಲಿಸ್ಮ್ ಎಂಬುದಕ್ಕೆ ಅವಳು ಕೊಟ್ಟ ಮಾತು ‘ಹಗೇವು’. ತಿಲಿಸ್ಮ್ ಅಂದರೆ ನೆಲದೊಳಗೆ, ಹಾಳುಕೋಟೆಯೊಳಗೆ ಯಾರೋ ಕಟ್ಟಿಟ್ಟು ಹೋದ ಗುಪ್ತ ಜಾಗ. ಒಳಗೆ ನಿಧಿ, ದಾರಿ ತುಂಬ ಮೋಸ, ಅದು ಯಾರ ಹೆಸರಿನಲ್ಲಿದೆಯೋ ಅವನಿಂದ ಮಾತ್ರ ಒಡೆಯಲಿಕ್ಕೆ ಸಾಧ್ಯ. ಕಾದಂಬರಿಯಲ್ಲಿ ಬಿಳಿ ಕಲ್ಲಿನ ಒಂದು ಕೊಕ್ಕರೆ ಇದೆ, ಎದುರಿಗೆ ಬಂದವರನ್ನು ಬಾಯಿ ತೆರೆದು ನುಂಗಿಬಿಡುತ್ತದೆ. ಇದನ್ನೆಲ್ಲ ಹಗೇವು ಅಂದರೆ ಹೊಂದುತ್ತದೆಯೇ ಅಂತ ಈಗ ಕೇಳಬಹುದು. ಆಗ ನಮಗೆ ಅದಕ್ಕಿಂತ ಸರಿಯಾದ ಮಾತು ಇರಲಿಲ್ಲ. ನಮ್ಮ ಅಂಗಳದಲ್ಲೇ ಒಂದು ಹಗೇವು ಇತ್ತು. ಒಂದು ಕಾಲಕ್ಕೆ ಅದರ ತಳಕ್ಕೆ ರವದಿ ಹಾಸಿ ಜೋಳ ತುಂಬುತ್ತಿದ್ದರಂತೆ. ತಂಪು ಹಿಡಿದು ಕಾಳು ಕೆಟ್ಟಿದ್ದರಿಂದ ಅಜ್ಜನ ಕಾಲಕ್ಕೇ ಬಾಯಿಗೆ ಕಲ್ಲು ಎಳೆದು ಮಣ್ಣು ಮೆತ್ತಿದ್ದರು. ಅದರ ಮೇಲೆ ಕುಂಟಾಟ ಆಡಿದರೆ ಆಯಿ ಬೈಯುತ್ತಿದ್ದಳು. ಹಗೇವು ತೆರೆದ ಕೂಡಲೇ ಒಳಗೆ ಇಳಿಯಬಾರದು, ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವರು ಅಲ್ಲೇ ಕುಸಿದು ಹೋದದ್ದುಂಟು. ಬಾಯಿ ತೆರೆದು ಒಂದು ದಿನ ಬಿಡಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡಬೇಕು. ಕಂದೀಲು ಆರಿದರೆ ಮನುಷ್ಯ ಇಳಿಯುವ ಹಾಗಿಲ್ಲ. ಕಾಲ ಕೆಳಗೇ ಅಂಥದ್ದೊಂದು ಇಟ್ಟುಕೊಂಡ ಮಕ್ಕಳಿಗೆ ತಿಲಿಸ್ಮ್ ಏನೆಂದು ಬೇರೆ ತಿಳಿಸಿ ಹೇಳಬೇಕಾಗಿರಲಿಲ್ಲ.

ಐದನೆಯ ತರಗತಿಯಲ್ಲಿದ್ದಾಗ ಪ್ರವಾಸಕ್ಕೆ ವಿಜಯಪುರಕ್ಕೆ ಕರೆದುಕೊಂಡು ಹೋಗಿದ್ದರು. ಆಗಿನ್ನೂ ಬಿಜಾಪುರ. ಗೋಳಗುಮ್ಮಟದಲ್ಲಿ ಎಲ್ಲರೂ ಕೂಗಿ ಕುಣಿದರು. ನಾನು ಅಂಜಿದ್ದು ಶೆರ್ಜಾ ಬುರುಜಿನ ಮೇಲೆ, ಮಲಿಕ್-ಎ-ಮೈದಾನ್ ತೋಪಿನ ಮುಂದೆ. 1549ರಲ್ಲಿ ಎರಕ ಹೊಯ್ದ, 55 ಟನ್ ತೂಕದ ತೋಪು. ಅದರ ಬಾಯಿಯನ್ನು ಸಿಂಹದ ಮುಖದ ಹಾಗೆ ಮಾಡಿದ್ದಾರೆ, ದವಡೆಯ ನಡುವೆ ಆನೆ ಸಿಕ್ಕಿಬಿದ್ದಿದೆ. ಗೆಳತಿಯರೆಲ್ಲ ಅದರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ನಾನು ನಿಲ್ಲಲಿಲ್ಲ. ಅದು ನುಂಗುತ್ತದೆ ಅಂತ ನನಗೆ ಖಾತ್ರಿ ಇತ್ತು. ಈಗ ಅದೇ ಊರಿನಲ್ಲಿ ಹತ್ತು ಹನ್ನೆರಡು ವರ್ಷದಿಂದ ಹಿಂದಿ ಕಲಿಸುತ್ತಿದ್ದೇನೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ತೋಪಿನ ಪಕ್ಕಕ್ಕೆ ನಿಲ್ಲುತ್ತೇನೆ, ಎದುರಿಗೆ ಇವತ್ತಿಗೂ ನಿಲ್ಲುವುದಿಲ್ಲ.

ಆಯಿಯ ದೊಡ್ಡ ಸಂಕಟ ಬೇರೆಯೇ ಇತ್ತು. ಮಹಾಭಾರತ ಬರುತ್ತಿದ್ದ ಕಾಲಕ್ಕೆ ಅವಳಿಗೆ ಕರ್ಣ ಅಂದರೆ ಜೀವ. ಅಲ್ಲಿ ಕರ್ಣನ ರಥದ ಗಾಲಿ ಹೂತ ದಿನ ಅವಳು ಊಟ ಮಾಡಿರಲಿಲ್ಲ ಅಂತ ಅವ್ವ ಹೇಳುತ್ತಾಳೆ. ಈಗ ಅದೇ ಕರ್ಣ ಶಿವದತ್ತನಾಗಿ ಬಂದು ಮಂದಿಯ ಮಗಳ ಮೇಲೆ ಕಣ್ಣು ಹಾಕಿದ್ದಾನೆ. ‘ಕರ್ಣ ಹಿಂಗ ಮಾಡಾಂವಲ್ಲ’ ಅಂತ ಆಯಿ. ‘ಆಯೀ, ಇದು ಬ್ಯಾರೆ ಕಥಿ, ಅಂವಾ ಶಿವದತ್ತ’ ಅಂತ ಅಣ್ಣ. ‘ಹೆಸರ ಬ್ಯಾರೆ ಇಟ್ಟರ ಮನಶ್ಯಾ ಬ್ಯಾರೆ ಆಗತಾನೇನ?’ ಆಮೇಲೆ ಭೀಷ್ಮನ ಪಾತ್ರ ಮಾಡಿದ್ದ ಮುಕೇಶ್ ಖನ್ನಾ ಕೂಡ ಬಂದರು. ಅವರನ್ನು ನೋಡಿ ಆಯಿ ಕೈ ಮುಗಿದಳು, ಇನ್ನು ಕರ್ಣನಿಗೆ ಬುದ್ಧಿ ಹೇಳುವವರು ಬಂದರು ಅಂತ ಸಮಾಧಾನಪಟ್ಟಳು. ಬಾದಾಮಿ ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳನ್ನು ನೋಡಿ ಬೆಳೆದವಳು. ವೇಷ ಅಂದರೆ ಏನೆಂದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಒಮ್ಮೆ ಕರ್ಣನಾದವನ ಮೇಲೆ ಆ ಹೆಸರಿನ ಋಣ ಇರುತ್ತದೆ ಅಂತ ಅವಳ ನಂಬಿಕೆ. ನನಗೆ ಈಗ ಅದು ತಪ್ಪು ಅನ್ನಿಸುವುದಿಲ್ಲ. 2025ರಲ್ಲಿ ದೇಶವೆಲ್ಲ ‘ಕರ್ಣ ಹೋದ’ ಅಂತಲೇ ಬರೆಯಿತಲ್ಲ.

1996ರ ಹೋಳಿ ಬಂತು. ಬಾಗಲಕೋಟೆಯ ಹೋಳಿ ಅಂದರೆ ಬಣ್ಣದ ಬಂಡಿ, ಹಲಗಿ, ದಿನಗಟ್ಟಲೆ ಗದ್ದಲ. ಅದು ಮುಗಿದ ವಾರದಲ್ಲಿ ಒಂದು ಸಂಜೆ ಟಿವಿ ಟಪ್ ಅಂದು ನಡುವಿನಲ್ಲಿ ಒಂದು ಬಿಳಿ ಚುಕ್ಕೆ ಉಳಿಸಿ ಆರಿತು. ಪಿಕ್ಚರ್ ಟ್ಯೂಬ್ ಹೋಗಿದೆ ಅಂದರು. ಅದೇ ಚಳಿಗಾಲದಲ್ಲಿ ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಮಲಗಿದ್ದಳು. ದವಾಖಾನೆಗೆ ದುಡ್ಡು ಸುರಿದ ಮನೆಯಲ್ಲಿ ಟಿವಿಯ ಮಾತು ಯಾರು ಎತ್ತಬೇಕು? ಮಂದಿಯ ಮನೆ ಬಾಗಿಲು ಕಾಯಬಾರದು ಅಂತ ಅವ್ವ ನಮ್ಮನ್ನು ಎಲ್ಲೂ ಬಿಡಲಿಲ್ಲ. ಅತ್ತಿಗೆ ಮಾತ್ರ ಎರಡು ಓಣಿಯಾಚೆ ಗೆಳತಿ ಇದ್ದಳು. ‘ನಾ ಅಲ್ಲಿ ನೋಡಿ ಬಂದು ಆಯಿಗೆ ಹೇಳತೀನಿ’ ಅಂದಳು. ಹಾಗೆ ಪ್ರತಿ ರವಿವಾರ ಹೋಗಿ, ಒಂದು ತಾಸು ಬಿಟ್ಟು ಬಂದು, ಆಯಿಯ ಹೊರಸಿನ ಪಕ್ಕ ಕೂತು ಕಂತು ಪೂರ್ತಿ ಹೇಳುತ್ತಿದ್ದಳು.

ಕುದುರೆಯ ಬಣ್ಣ ಹೇಳುತ್ತಿದ್ದಳು. ಚಂದ್ರಕಾಂತಾ ಅವತ್ತು ಯಾವ ಸೀರೆ ಉಟ್ಟಿದ್ದಳು, ಅಂಚು ಎಷ್ಟು ಬೆರಳು ಅಗಲ ಇತ್ತು ಅಂತ ಹೇಳುತ್ತಿದ್ದಳು. ಕಪ್ಪು ಬಿಳುಪಿನಲ್ಲಿ ನೋಡಿದಾಗ ಇಲ್ಲದ ಬಣ್ಣಗಳು ಅವಳ ಮಾತಿನಲ್ಲಿ ಬಂದವು. ಗೆಳತಿಯ ಮನೆಯಲ್ಲಿ ಕಲರ್ ಟಿವಿ ಇದೆ ಅಂದುಕೊಂಡೆ. ಸಾಲಿಯಲ್ಲಿ ಗೆಳತಿಯರು ಬೇರೆ ಏನೋ ಹೇಳುತ್ತಿದ್ದರು. ಅವರಿಗೆ ಹಿಂದಿ ತಿಳಿದಿಲ್ಲ, ಅವರ ಮನೆಯಲ್ಲಿ ಮಧ್ಯಮಾ ಪಾಸಾದವರಿಲ್ಲ ಅಂತ ನನ್ನಷ್ಟಕ್ಕೆ ನಾನು ತೀರ್ಮಾನ ಮಾಡಿದ್ದೆ.

ಶಿವದತ್ತ ಹಗೇವಿನಿಂದ ಎದ್ದು ಬಂದದ್ದು ಆ ದಿನಗಳಲ್ಲೇ. ತೇಜಸಿಂಹ ಚುನಾರಗಢದ ಅರಮನೆಗೆ ಎಣ್ಣೆ ತಿಕ್ಕುವವನ ವೇಷದಲ್ಲಿ ಹೋಗುತ್ತಾನೆ. ರಾಜನ ತಲೆಗೆ ಎಣ್ಣೆ ತಿಕ್ಕುತ್ತ ಕಿವಿ ನೋಡುತ್ತಾನೆ, ಕಿವಿಯಲ್ಲಿ ತೂತಿಲ್ಲ! ಹುಟ್ಟಿನಿಂದ ಕುಂಡಲ ಹಾಕಿದ ಅರಸನ ಕಿವಿಯಲ್ಲಿ ತೂತಿಲ್ಲದೆ ಇರುವುದು ಹೇಗೆ? ಅಂದರೆ ಇವನು ವೇಷದವನು. ಹಾಗಾದರೆ ನಿಜವಾದ ರಾಜ ಎಲ್ಲಿ? ಕೋಟೆಯ ಅಂಗಳದಲ್ಲಿ ಮಣ್ಣು ಮೆತ್ತಿದ ಒಂದು ಹಗೇವಿನ ಬಾಯಿ ಕಾಣುತ್ತದೆ. ತೆರೆಯುತ್ತಾರೆ. ಕಂದೀಲು ಇಳಿಸುತ್ತಾರೆ, ಆರುತ್ತದೆ. ಕಾಯುತ್ತಾರೆ. ಮತ್ತೆ ಇಳಿಸುತ್ತಾರೆ, ಮತ್ತೆ ಆರುತ್ತದೆ. ಮೂರನೆಯ ಸಲ ಆರುವುದಿಲ್ಲ. ಕೆಳಗಿಂದ ಒಂದು ಕೈ ಬಂದು ಕಂದೀಲಿನ ಹಗ್ಗ ಹಿಡಿಯುತ್ತದೆ.

ಮೇಲೆ ಬಂದವನು ಕಿರೀಟ ಕೇಳುವುದಿಲ್ಲ, ನೀರು ಕೇಳುವುದಿಲ್ಲ. ‘ಹೊರಗ ಯಾರಾರ ಹಸದಾರೇನ?’ ಅಂತ ಕೇಳುತ್ತಾನೆ.

ಆಯಿ ಮಲಗಿದಲ್ಲಿಂದಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಂಚಿ ತೆಗೆದು, ನಡುಗುವ ಕೈಯಲ್ಲಿ ಒಂದು ಎಲೆಗೆ ಸುಣ್ಣ ಹಚ್ಚಿ ಅಡಿಕೆ ಇಟ್ಟು ಮಡಚಿ ಅತ್ತಿಯ ಕೈಗೆ ಕೊಟ್ಟಳು. ‘ನಾ ಹೇಳಿರಲಿಲ್ಲೇನ’ ಅಂದಳು. ಅದೇ ವರ್ಷ ದಸರೆಗೆ ಮುಂಚೆ ಆಯಿ ತೀರಿಕೊಂಡಳು.

ಇಷ್ಟು ಹೇಳಿದ ಮೇಲೆ ಓದುವವರಿಗೆ ಗೊತ್ತಾಗಿರುತ್ತದೆ. ನನಗೆ ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ರಾತ್ರಿ ಊಟ ಮುಗಿಸಿ, ಸಿಕ್ಕ ಸಿಕ್ಕ ಕಂತು ಹಚ್ಚಿ ಕೂರುತ್ತಿದ್ದೆ. ಮೊದಮೊದಲು ಸಂತೋಷ. ಅಖಿಲೇಂದ್ರ ಮಿಶ್ರಾ ಹುಬ್ಬು ಏರಿಸಿದಾಗ ಮೈಮೇಲೆ ಮುಳ್ಳು. ಇರ್ಫಾನ್ ಖಾನ್ ತೆರೆಯ ಒಂದು ಮೂಲೆಯಲ್ಲಿ ಸುಮ್ಮನೆ ನಿಂತಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಅದು ಆಯಿಗೆ ಆವತ್ತೇ ಕಂಡಿತ್ತು. ಆದರೆ ನೋಡುತ್ತ ನೋಡುತ್ತ ಒಂದು ನಿಜ ಒಪ್ಪಿಕೊಳ್ಳಬೇಕಾಯಿತು: ಧಾರಾವಾಹಿ ಎಳೆದದ್ದು ಹೆಚ್ಚು. ಒಬ್ಬರು ಒಂದು ಮಾತು ಆಡಿದರೆ ಸುತ್ತ ನಿಂತ ಎಲ್ಲರ ಮುಖವನ್ನೂ ಒಂದೊಂದಾಗಿ ತೋರಿಸಿ ಮುಂದೆ ಹೋಗುತ್ತಾರೆ. ಕಥೆ ಮೂಲ ಬಿಟ್ಟು ಎಲ್ಲೆಲ್ಲೋ ಅಲೆಯುತ್ತದೆ. ಖತ್ರಿಯವರ ಚಪಲಾ ಗಂಡಸರನ್ನು ಮೀರಿಸುವ ಐಯಾರೆ, ಅವಳಿಗೆ ಇಲ್ಲಿ ಇನ್ನಷ್ಟು ಜಾಗ ಸಿಗಬೇಕಿತ್ತು. ನನ್ನ ನೆನಪಿನಲ್ಲಿ ಇದ್ದ ಚುರುಕು, ಆ ಉಸಿರು ಹಿಡಿಯುವ ವೇಗ ಯಾರದು? ಟಿವಿಯವರು ಮಾತಾಡಿ ಮುಗಿಸುವುದರೊಳಗೆ ಹೇಳಿ ಮುಗಿಸಬೇಕಾದ ಗಡಿಬಿಡಿಯಲ್ಲಿದ್ದ ಅತ್ತಿಯದು.

ಹಗೇವಿನ ಕಂತು ಎಲ್ಲೂ ಸಿಗಲಿಲ್ಲ. ಸಂಕ್ರಾಂತಿಗೆ ಬಾಗಲಕೋಟೆಗೆ ಹೋದಾಗ ಅತ್ತಿಯನ್ನೇ ಕೇಳಿದೆ. ಅವಳು ಈಗ ನವನಗರದ ಸೆಕ್ಟರ್ ಮನೆಯಲ್ಲಿ ಅಣ್ಣನ ಜೊತೆ ಇದ್ದಾಳೆ. ಹಳೇ ಮನೆ ಮುಳುಗಡೆಯಲ್ಲಿ ಹೋಯಿತು. ಆಲಮಟ್ಟಿಯಲ್ಲಿ 519.60 ಮೀಟರ್ ನೀರು ನಿಂತಾಗ ಹಿನ್ನೀರು ಘಟಪ್ರಭಾ ಹಿಡಿದು ನಮ್ಮ ಓಣಿಯ ತನಕ ಬರುತ್ತದೆ. ಪಡಸಾಲೆ, ಬೆಳಕಿಂಡಿ, ಅಂಗಳದ ಹಗೇವು, ಎಲ್ಲ ಅದರೊಳಗೆ. ಈ ಮಾತನ್ನು ನಮ್ಮ ಊರಿನವರು ಬಹಳ ಬರೆದಿದ್ದಾರೆ, ನಾನು ಇಲ್ಲಿಗೆ ಬಿಡುತ್ತೇನೆ.

ಅತ್ತಿ ಕುಸುರೆಳ್ಳು ಆರಿಸುತ್ತ ಕೂತಿದ್ದಳು. ಕಣ್ಣು ಈಗ ಅಷ್ಟಕ್ಕಷ್ಟೇ, ಹೊಲಿಗೆ ಬಿಟ್ಟಿದ್ದಾಳೆ. ‘ಅತ್ತೀ, ಕರ್ಣ ಹಗೇವಿನ್ಯಾಗಿಂದ ಎದ್ದು ಬರೂದು ಯಾವ ಕಂತಿನ್ಯಾಗ ಐತಿ?’ ಅಂದೆ.

ಅವಳ ಕೈ ನಿಂತಿತು.

‘ಎರಡು ಸಲ ಹೋಗಿದ್ದೆ ಅವರ ಮನಿಗೆ’ ಅಂದಳು. ‘ಎರಡನೇ ಸಲ ಅವರ ಮಾವ, ಟಿವಿ ಕೆಟ್ಟರ ರಿಪೇರಿ ಮಾಡಸಬೇಕ, ಮಂದಿ ಮನಿಗೆ ಬರೂದೇನ ಅಂದರು. ಗೆಳತಿ ಮಾರಿ ಸಣ್ಣದಾತು. ಅವತ್ತಿನಿಂದ ನಾ ಹೋಗಲಿಲ್ಲ. ಹೊಳಿ ದಂಡಿ ಗುಡಿ ಪಾವಟಿಗಿ ಮ್ಯಾಲ ಒಂದ ತಾಸ ಕುಂತು ಬರತಿದ್ದೆ.’

‘ಮತ್ತ ಕಥಿ?’

‘ಕುಂತಲ್ಲೇ ಹೊಂದಸತಿದ್ದೆ. ಆಯಿ ದಿನಾ ಕೇಳತಿದ್ದಳಲ್ಲ, ಕರ್ಣ ಸುಧಾರಸತಾನೋ ಇಲ್ಲೋ ಅಂತ. ಏನ ಹೇಳಲಿ?’

ನಾನು ಲೆಕ್ಕ ಹಾಕಿದೆ. ಹೋಳಿಯಿಂದ ಆಯಿ ಹೋಗುವ ತನಕ ಆರು ತಿಂಗಳ ಮೇಲೆ. ದೂರದರ್ಶನದಲ್ಲಿ ‘ಚಂದ್ರಕಾಂತಾ’ ನಿಂತದ್ದು ಆ ವರ್ಷವೇ. ಅದು ಅಲ್ಲಿ ನಿಂತ ಮೇಲೂ ನಮ್ಮ ಮನೆಯಲ್ಲಿ ಎಷ್ಟು ವಾರ ನಡೆಯಿತೋ. ನನಗೆ ಪ್ರಾಣವಾದ ಧಾರಾವಾಹಿಯ ಉತ್ತಮ ಭಾಗವನ್ನು ಗುಡಿಯ ಪಾವಟಿಗೆಯ ಮೇಲೆ ಕೂತು ಒಬ್ಬ ಹೆಣ್ಣುಮಗಳು ತಲೆಯಲ್ಲೇ ತೆಗೆದಿದ್ದಳು. ನೋಡುವವಳು ಒಬ್ಬಳೇ ಇದ್ದಳು, ಅವಳೂ ಹೊರಸಿನ ಮೇಲೆ. ಬಾಗಿಲ ಸಂದಿಯಲ್ಲಿ ನಾನಿದ್ದದ್ದು ಲೆಕ್ಕಕ್ಕಿಲ್ಲ.

ಮೋಸ ಹೋದೆ ಅಂತ ಒಂದು ಕ್ಷಣವೂ ಅನ್ನಿಸಲಿಲ್ಲ. ಊರಿಗೆ ಮರಳಿದ ಮೇಲೆ ಖತ್ರಿಯವರ ಕಾದಂಬರಿಯನ್ನು ಮತ್ತೆ ತೆಗೆದು ಓದಿದೆ. ಅವರು ಕಾಶಿಯ ಕಡೆ ಚಕಿಯಾ, ನೌಗಢದ ಕಾಡುಗಳ ಗುತ್ತಿಗೆ ಹಿಡಿದಿದ್ದರು. ಅಲ್ಲಿಯ ಹಾಳುಕೋಟೆ, ಗುಹೆಗಳಲ್ಲಿ ತಿರುಗಾಡಿದವರು. ಆ ಕಲ್ಲುಗಳಿಂದಲೇ ಅವರ ತಿಲಿಸ್ಮ್ ಹುಟ್ಟಿತು. ಈ ಕಥೆ ಓದಬೇಕೆಂದೇ ಬಹಳ ಮಂದಿ ಹಿಂದಿ ಕಲಿತರು ಅಂತ ಹಿಂದಿ ಸಾಹಿತ್ಯದ ಚರಿತ್ರೆ ಬರೆದವರು ಹೇಳುತ್ತಾರೆ. ಅವರ ಸಾಲಿನಲ್ಲಿ ನಾನೂ ಒಬ್ಬಳು, ನೂರು ವರ್ಷ ತಡವಾಗಿ. ಓದುವಾಗ ಒಂದು ಮಾತು ಗಟ್ಟಿಯಾಯಿತು. ಖತ್ರಿಯವರ ಕಥೆಯಲ್ಲಿ ಐಯಾರರ ಕೈಚಳಕಕ್ಕೆ ಮಂತ್ರ ಬೇಕಿಲ್ಲ. ಮದ್ದು, ಬಣ್ಣ, ಹಗ್ಗ, ಯಂತ್ರ, ಮನುಷ್ಯನ ಚಾಲಾಕಿತನ, ಇಷ್ಟೇ. ತಿಲಿಸ್ಮ್ ಕೂಡ ಯಾರೋ ಜಾಣರು ಕಟ್ಟಿದ ಕಟ್ಟಡ. ಯಾವ ಮುಖದ ಹಿಂದೆ ಯಾರಿದ್ದಾರೆ ಅಂತ ನಂಬುವ ಹಾಗಿಲ್ಲ. ಹಾಗಿರುವಾಗ ಶಿವದತ್ತನ ಮುಖದ ಹಿಂದೆ ಬೇರೊಬ್ಬನಿದ್ದ, ಕಿವಿಯ ತೂತಿನಿಂದ ಸಿಕ್ಕಿಬಿದ್ದ ಅನ್ನುವುದು ಖತ್ರಿಯವರ ಕಾಯಿದೆಯೊಳಗೇ ಬರುವ ಮಾತು. ಮಧ್ಯಮಾ ಪಾಸಾದ ಅತ್ತಿ ಆ ಕಾದಂಬರಿ ಓದಿರಲಿಲ್ಲ. ಟಿವಿಯಲ್ಲಿ ಒಂದೂವರೆ ವರ್ಷ ನೋಡಿದ್ದರಿಂದಲೇ ಆ ಕಾಯಿದೆ ಹಿಡಿದುಕೊಂಡಿದ್ದಳು. ಧಾರಾವಾಹಿ ಮಾಡಿದವರು ಬಣ್ಣಬಣ್ಣದ ಮಾಯೆಯನ್ನು ಸೇರಿಸುತ್ತ ಹೋದರು. ಅತ್ತಿ ಕಂದೀಲು ಇಳಿಸಿದಳು. ನನಗೆ ಅತ್ತಿಯ ದಾರಿಯೇ ಹೆಚ್ಚು ಸರಿ ಕಾಣುತ್ತದೆ.

ಈಗ ಬೇರೆ ಭಾಷೆಯ ಎಷ್ಟೋ ಧಾರಾವಾಹಿ ಕನ್ನಡದಲ್ಲೇ ಮಾತಾಡಿಕೊಂಡು ಬರುತ್ತವೆ. ಒಳ್ಳೆಯದೇ ಆಯಿತು. ನನ್ನ ವಿದ್ಯಾರ್ಥಿಗಳ ಮನೆಯ ಆಯಂದಿರು ಯಾರ ಹಂಗೂ ಇಲ್ಲದೆ ನೋಡುತ್ತಾರೆ. ಆದರೆ ಬಟುವಾಕ್ಕೆ ಚಂಚಿ ಅನ್ನುವ ಧೈರ್ಯ ಆ ಕನ್ನಡಕ್ಕೆ ಇಲ್ಲ. ಅಲ್ಲಿ ಎಲ್ಲರೂ ಪುಸ್ತಕದ ಮಾತು ಆಡುತ್ತಾರೆ. ತರಗತಿಯಲ್ಲಿ ಹಿಂದಿ ಕಥೆ ಮಾಡುವಾಗ ನಾನು ಈಗ ಶಬ್ದಾರ್ಥ ಬರೆಸುವುದನ್ನು ಕಡಿಮೆ ಮಾಡಿದ್ದೇನೆ. ‘ಇದಕ್ಕ ನಿಮ್ಮ ಮನ್ಯಾಗ ಏನಂತಾರ?’ ಅಂತ ಕೇಳುತ್ತೇನೆ. ಮೊದಲು ಸುಮ್ಮನೆ ಕೂರುತ್ತಾರೆ, ಆಮೇಲೆ ಹಿಂದಿನ ಬೆಂಚಿನಿಂದ ಯಾರೋ ಒಬ್ಬರು ಹೇಳುತ್ತಾರೆ.

ಹೋದ ತಿಂಗಳು ಹಗೇವಿನ ಕಂತನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದು ಬೇರೆ ಎಲ್ಲೂ ಇಲ್ಲವಲ್ಲ. ಫೋನಿನಲ್ಲಿ ಅತ್ತಿಗೆ ಓದಿ ಹೇಳಿದೆ. ಎಣ್ಣೆ ತಿಕ್ಕುವವನು, ಕಿವಿ, ಅಂಗಳ, ಕಂದೀಲು. ಹೂಂ ಹೂಂ ಅನ್ನುತ್ತ ಕೇಳಿದಳು. ‘ಹೊರಗ ಯಾರಾರ ಹಸದಾರೇನ’ ಅನ್ನುವಲ್ಲಿ ನನ್ನ ದನಿ ಕಟ್ಟಿತು, ಅವಳು ಕಾದಳು. ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

‘ಬಾಯಿ ತೆಗದ ಮ್ಯಾಲ ಒಂದ ದಿನಾ ಬಿಟ್ಟರಂತ ಬರದೀಯಿಲ್ಲ? ಅದನ್ನ ಬಿಟ್ಟೀ ನೋಡ. ತೆಗದ ಕೂಡಲೇ ಕಂದೀಲ ಇಳಸಾಂಗಿಲ್ಲ. ಮೊದಲ ಅದನ್ನ ಬರಿ.’